ಎರಡೂ ಕ್ಯಾನ್ ಫುಲ್!

ನನ್ನ ಷಡ್ಡಕ ರಾಘು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಬಹಳ ಒಳ್ಳೆಯ ಮನುಷ್ಯ. ಅವನ ಬಗ್ಗೆ ನನಗಿರುವ ದೂರು ಅದೊಂದೇ.

ಅವನಿರುವುದು ಸಂಭಾಜಿನಗರದಲ್ಲಿ. ಕಾರ್ಖಾನೆಗಳಿಗೆ ಬಿಡಿಭಾಗ ಸರಬರಾಜು ಮಾಡುತ್ತಾನೆ. ನಾನು ನಾಸಿಕದಲ್ಲಿ ಉಡುಪಿ ಹೋಟೆಲು ನಡೆಸುತ್ತೇನೆ. ಅವನು ಜೀಪು ಕೊಂಡ. ಭಾನುವಾರ ಬಂದರೆ ಗೆಳೆಯರ ಗುಂಪು ಕಟ್ಟಿಕೊಂಡು ರಸ್ತೆ ಇಲ್ಲದ ಕಡೆ ಗುಡ್ಡ ಹತ್ತಿ ಹಳ್ಳ ಇಳಿಯುವುದು ಅವನ ಹವ್ಯಾಸ. ಸ್ವಲ್ಪ ದಿನದಲ್ಲೇ ನಾನೂ ಒಂದು ಹಳೆಯ ಜೀಪು ಕೊಂಡೆ. ಇದು ಹೊಟ್ಟೆಕಿಚ್ಚಿನಿಂದ ಮಾಡಿದ ಕೆಲಸವಲ್ಲ. ಮಾರ್ಕೆಟ್ಟಿನಿಂದ ತರಕಾರಿ ತರಲು ಅನುಕೂಲ ಎಂದು ಹೆಂಡತಿಗೆ ವಿವರಿಸಿದ್ದೆ. ಕೊತ್ತಂಬರಿ ಸೊಪ್ಪು ತರಲು ಫೋರ್ ವೀಲ್ ಡ್ರೈವ್ ಯಾಕೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು.

ಜೀಪಿಗೆ ಜೀಪು ಸಮವಾಯಿತು ಎಂದುಕೊಂಡು ಸಂಭಾಜಿನಗರಕ್ಕೆ ಹೋದರೆ, ರಾಘುವಿನ ಜೀಪಿನ ಬೆನ್ನಿಗೆ ಹೊಸದೊಂದು ವಸ್ತು ಬಂದು ಕುಳಿತಿತ್ತು. ಹಸಿರು ಬಣ್ಣದ, ಬೆಲ್ಟ್ ಬಿಗಿದ, ಠೀವಿಯಿಂದ ಕುಳಿತ ಕಬ್ಬಿಣದ ಡೀಸೆಲ್ ಕ್ಯಾನ್!

"ಕಾಡುಮೇಡಲ್ಲಿ ಡೀಸೆಲ್ ಮುಗಿದ್ರೆ ಅಂತ ಒಂದು ಇಟ್ಟುಕೊಂಡೆ ಭಾವ," ಎಂದ ರಾಘು, ಏನೂ ದೊಡ್ಡದಲ್ಲ ಎಂಬಂತೆ. ಅವನ ಈ 'ಏನೂ ದೊಡ್ಡದಲ್ಲ' ಎಂಬ ಧಾಟಿಯೇ ನನಗೆ ಆಗುವುದಿಲ್ಲ.

ನನ್ನ ಹೆಂಡತಿ ಸುಮತಿ ಆ ಕ್ಯಾನನ್ನು ಕೈಯಿಂದ ಸವರಿ ನೋಡಿದಳು. "ಎಷ್ಟು ಮುಂದಾಲೋಚನೆ ನೋಡಿ! ರಾಘು ಜೊತೆಗಿದ್ರೆ ಎಂತದಕ್ಕೂ ಹೆದರಬೇಕಂತ ಇಲ್ಲ."

ಹೆಂಡತಿಯ ಬಾಯಿಂದ ಇಂಥ ಮಾತು ನನ್ನ ಬಗ್ಗೆ ಒಮ್ಮೆಯೂ ಬಂದದ್ದಿಲ್ಲ. ನಾಸಿಕದ ಅರ್ಧ ಊರಿಗೆ ಬೆಳಗಿನ ತಿಂಡಿ ಹಾಕುವ ಮನುಷ್ಯ ನಾನು. ನನ್ನ ಬಗ್ಗೆ ಅವಳು ಹೇಳುವುದು, "ಇವರನ್ನು ನಂಬಿ ಹೊರಟ್ರೆ ಚಪ್ಪಲಿ ಗಟ್ಟಿ ಉಂಟಾ ನೋಡ್ಕೊಂಡೇ ಹೊರಡ್ಬೇಕು, ಅರ್ಧ ದಾರಿ ನಡೀಲಿಕ್ಕುಂಟು" ಎಂದು. ಅಂದೇ ತೀರ್ಮಾನಿಸಿದೆ. ಆ ಮಾತನ್ನು ಅವಳ ಬಾಯಿಂದ, ಅವಳ ತಂಗಿಯ ಎದುರಿಗೇ, ನನ್ನ ಬಗ್ಗೆ ಹೇಳಿಸಬೇಕು. ಅದಕ್ಕೆ ಬೇಕಾದದ್ದು ಕ್ಯಾನ್ ತಾನೇ? ತಂದರಾಯಿತು!

ನಾಸಿಕದ ಅಂಗಡಿಯವನು ಸಾವಧಾನದ ಮನುಷ್ಯ. ಪ್ಲಾಸ್ಟಿಕ್ಕಿನದು ತೋರಿಸಿದ, ತೆಳು ತಗಡಿನದು ತೋರಿಸಿದ, ದಪ್ಪ ಕಬ್ಬಿಣದ್ದು ತೋರಿಸಿದ. ಮುಚ್ಚಳದ ಒಳಗಿನ ರಬ್ಬರ್ ರಿಂಗ್ ಗಟ್ಟಿಯಿರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಸೋರುತ್ತದೆ ಎಂದ. ಮಾಡಿನ ಮೇಲೆ ಕಟ್ಟಬೇಡಿ, ಗಾಡಿ ವಾಲುತ್ತದೆ, ಒಳಗೆ ಇಡಬೇಡಿ, ವಾಸನೆಗೆ ತಲೆ ತಿರುಗುತ್ತದೆ ಎಂದ. ಕೊನೆಗೆ ಕೇಳಿದ, "ಪಂಪಿನಿಂದ ಎಷ್ಟು ದೂರ ಹೋಗ್ತೀರಿ ಶೇಠ್?"

"ಷಡ್ಡಕನಿಗಿಂತ ಸ್ವಲ್ಪ ಮುಂದೆ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಆದರೆ ವ್ಯಾಪಾರಿಯಲ್ಲವೇ, ಒಳಗಿನಿಂದ ಅತಿ ಭಾರಿ ಮಾಲು ತಂದ. ಹೊರಗೆ ಹಸಿರು ಬಣ್ಣ, ಒಳಗೆಲ್ಲ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್. ತುಕ್ಕಿನ ಮಾತೇ ಇಲ್ಲ. ರಾಘುವಿನ ಹತ್ತಿರ ಒಂದಿತ್ತು, ಅದೂ ಬರೀ ಕಬ್ಬಿಣದ್ದು. ನಾನು ಎರಡು ತೆಗೆದುಕೊಂಡೆ!

ಮನೆಗೆ ತಂದಾಗ ಸುಮತಿ ಒಳಗೆ ಇಣುಕಿ ನೋಡಿ, "ಹಾಲು ತರ್ಲಿಕ್ಕಾ?" ಎಂದಳು. ಮಹತ್ಕಾರ್ಯಗಳಿಗೆ ಮೊದಮೊದಲು ಹೀಗೆಯೇ ಅವಮಾನವಾಗುತ್ತದೆ.

ಅಷ್ಟರಲ್ಲಿ ರಾಘುವಿನ ಫೋನು ಬಂತು. ಬರುವ ಭಾನುವಾರ ಗುಂಪಿನ ಸವಾರಿ, ಈ ಸಲ ಸಂಸಾರ ಸಮೇತ. ಗಂಗಾಪುರದಲ್ಲಿ ಎಲ್ಲರೂ ಸೇರುವುದು, ಅಲ್ಲಿಂದ ಮಣ್ಣುದಾರಿ ಹಿಡಿದು ದೌಲತಾಬಾದಿನ ಹಿಂದಿನ ಗುಡ್ಡದ ಕಡೆಗೆ ಹೋಗುವುದು, ಅಲ್ಲೊಂದು ಕೆರೆ ದಂಡೆಯಲ್ಲಿ ತಿಂಡಿ. ಫೋನು ಅವನ ಹೆಂಡತಿ ವೀಣಾಳ ಕೈಗೆ ಹೋಯಿತು. "ಭಾವ, ತಿಂಡಿ ನಿಮ್ಮದು! ಇಲ್ಲಿಯವರಿಗೆಲ್ಲ ನಿಮ್ಮ ಹೋಟೆಲಿನ ಇಡ್ಲಿ ಸಾಂಬಾರೇ ಆಗ್ಬೇಕಂತೆ. ಹಿಟ್ಟು ತನ್ನಿ, ಅಲ್ಲಿಯೇ ಬಿಸಿಬಿಸಿ ಬೇಯಿಸುವ."

ಶನಿವಾರ ಸಂಜೆ ಎರಡೂ ಕ್ಯಾನ್ ಹೊತ್ತು ಪೆಟ್ರೋಲ್ ಪಂಪಿಗೆ ಹೋದೆ. ಪಂಪಿನವನು ದೂರದಿಂದಲೇ ಕೈಯಾಡಿಸಿದ. "ಕ್ಯಾನ್‌ಮಧೇ ನಾಹೀ ಮಿಳ್ಣಾರ್ ಸಾಹೇಬ್. ಕ್ಯಾನಿಗೆ ಕೊಡೋದಿಲ್ಲ, ಗಾಡಿಗೆ ಬೇಕಾದ್ರೆ ಹಾಕ್ತೇನೆ."

ಕ್ಯಾನಿನ ಒಳಗಿನ ಹೊಳಪು ತೋರಿಸಿದೆ. ಷಡ್ಡಕನ ವಿಷಯವನ್ನೂ ಸೂಕ್ಷ್ಮವಾಗಿ ಹೇಳಿದೆ. ಕರಗಲಿಲ್ಲ. "ನನ್ನ ಕ್ಯಾನಿಗೆ ಇಲ್ಲದ ಡೀಸೆಲ್ ನನ್ನ ಟ್ಯಾಂಕಿಗೂ ಬೇಡ!" ಎಂದು ಸಿಟ್ಟಿನಿಂದ ಗಾಡಿ ತಿರುಗಿಸಿದೆ. ಆ ಮಾತು ಹೇಳುವಾಗ ಬಹಳ ಗಂಭೀರವಾಗಿ ಕೇಳಿಸಿತ್ತು.

ಖಾಲಿ ಕ್ಯಾನ್ ಕಟ್ಟಿಕೊಂಡು ಮನೆಗೆ ಬರುವಾಗ ಒಂದು ಸತ್ಯ ತಿಳಿಯಿತು. ಖಾಲಿ ಕ್ಯಾನ್ ಸುಮ್ಮನಿರುವುದಿಲ್ಲ. ಪ್ರತಿ ಗುಂಡಿಗೂ ಡಬ್ ಡಬ್ ಎಂದು ಊರಿಗೆಲ್ಲ ಸಾರುತ್ತದೆ. ರಾಘುವಿನ ಕಿವಿ ಬಹಳ ಚುರುಕು. ಕ್ಯಾನ್ ತುಂಬಲೇಬೇಕು. ಆದರೆ ಏನು ತುಂಬುವುದು? ನೀರು ತುಂಬಿದರೆ ಅದು ಮೋಸ ಎಂದು ನನ್ನ ಮನಸ್ಸಾಕ್ಷಿ ಹೇಳಿತು.

ಮರುದಿನ ನಸುಕಿನಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಸುಮತಿ ಹಿಟ್ಟಿನ ದೊಡ್ಡ ಪಾತ್ರೆಗೆ ಬಟ್ಟೆ ಕಟ್ಟುತ್ತಿದ್ದಳು. ದಾರಿಯಲ್ಲಿ ಹದಕ್ಕೆ ಬರಲಿ ಎಂದು ತಡವಾಗಿ ರುಬ್ಬಿಸಿದ್ದ ಹಿಟ್ಟು. ನನ್ನ ತಲೆಯಲ್ಲಿ ದೀಪ ಹತ್ತಿತು.

"ಪಾತ್ರೆ ಆ ದಾರಿಯಲ್ಲಿ ಚೆಲ್ಲಿಹೋಗ್ತದೆ. ಕ್ಯಾನಿಗೆ ಹಾಕುವ! ಹೊಸದು, ಸ್ಟೀಲು, ಬಿಸಿನೀರಲ್ಲಿ ತೊಳೆದದ್ದು. ಮುಚ್ಚಳ ಹಾಕಿದ್ರೆ ಒಂದು ಹನಿ ಹೊರಗೆ ಬರ್ಲಿಕ್ಕಿಲ್ಲ."

"ನಿಮಗೆ ಎಂತ ಮರ್ಲಾ ಮಾರಾಯ್ರೆ? ಡೀಸೆಲ್ ಕ್ಯಾನಲ್ಲಿ ಇಡ್ಲಿ ಹಿಟ್ಟಾ?"

"ಡೀಸೆಲ್ ಅದನ್ನು ಮುಟ್ಟಲೇ ಇಲ್ವಲ್ಲ! ಒಂದರಲ್ಲಿ ಹಿಟ್ಟು, ಇನ್ನೊಂದರಲ್ಲಿ ಸಾಂಬಾರು. ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡ್ಬೇಡ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ?" ಎಂದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಉಬ್ಬಲಿಕ್ಕೆ ಸ್ವಲ್ಪ ಜಾಗವಾದ್ರೂ ಬಿಡಿ," ಎಂದಳು.

ಜಾಗ ಬಿಟ್ಟರೆ ಒಳಗೆ ಕುಲುಕುವ ಸದ್ದು ಬರುತ್ತದೆ. ಕಂಠದವರೆಗೆ ತುಂಬಿ ಮುಚ್ಚಳ ಬಿಗಿದೆ. ಜೀವಮಾನವೆಲ್ಲ ಇಡ್ಲಿ ಮಾರಿ ಬದುಕಿದವನು ಕಣ್ರೀ ನಾನು! ಹಿಟ್ಟು ಉಬ್ಬುತ್ತದೆ ಎಂಬುದು ನನ್ನ ಹೋಟೆಲಿನ ಬೆಕ್ಕಿಗೂ ಗೊತ್ತು.

ಗಂಗಾಪುರ ತಲುಪಿದಾಗ ಬಿಸಿಲು ಏರಿತ್ತು. ಗುಂಪಿನ ಜೀಪುಗಳೆಲ್ಲ ಪಂಪಿನ ಮುಂದೆ ಸಾಲಾಗಿ ನಿಂತಿದ್ದವು. ನನ್ನ ಜೀಪು ಬಂದು ನಿಂತದ್ದೇ ತಡ, ಎಲ್ಲರ ಕಣ್ಣು ಅದರ ಹಿಂಭಾಗಕ್ಕೆ. "ಓಹೋ! ದೋನ್ ದೋನ್!" ಎಂದ ಒಬ್ಬ. ವೀಣಾ ಬಾಯಿ ಬಿಟ್ಟು ನೋಡಿದಳು. "ಅಕ್ಕಾ, ಭಾವ ಎರಡೆರಡು ತಂದಿದ್ದಾರೆ! ನಮ್ಮವರ ಹತ್ರ ಒಂದೇ ಇರೋದು."

ಆಹಾ! ಆ ಕ್ಷಣದಲ್ಲಿ ನನ್ನ ಪ್ರಾಣ ಹೋಗಿದ್ದರೂ ಬೇಸರವಿರಲಿಲ್ಲ.

ರಾಘುವಿಗೆ ಅಲ್ಲಿನ ಪಂಪಿನವನು ಪರಿಚಯ. ಕ್ಯಾನನ್ನು ಗಾಡಿಯಿಂದ ನೆಲಕ್ಕೆ ಇಳಿಸಿ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ಭಾವ, ನಿಮ್ಮದೂ ಕೊಡಿ, ತುಂಬಿಸಿ ಕೊಡ್ತಾನೆ."

"ಎರಡೂ ಫುಲ್!" ಎಂದು ಕ್ಯಾನಿನ ಮೇಲೆ ಬಡಿದೆ. ತುಂಬಿದ ಕ್ಯಾನು ಧಪ್ ಎಂದು ಗಂಭೀರವಾಗಿ ಉತ್ತರಿಸಿತು.

"ಟ್ಯಾಂಕಿಗಾದ್ರೂ ಹಾಕಿಸಿ."

"ಎರಡು ಕ್ಯಾನ್ ಇಟ್ಟುಕೊಂಡವನಿಗೆ ಟ್ಯಾಂಕಿನ ಚಿಂತೆ ಎಂತದಯ್ಯ?"

ಸುಮತಿ ನನ್ನ ತೋಳನ್ನು ಚಿವುಟಿದಳು. ಲೆಕ್ಕಿಸಲಿಲ್ಲ. ನಿಜ ಹೇಳಬೇಕೆಂದರೆ, ನಾಸಿಕದಿಂದ ಕನ್ನಡಿಯಲ್ಲಿ ಆ ಎರಡು ಕ್ಯಾನ್ ನೋಡುತ್ತ ನೋಡುತ್ತ, ಅದರಲ್ಲಿ ಡೀಸೆಲ್ಲೇ ಇದೆ ಎಂದು ನನಗೇ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಮಣ್ಣುದಾರಿ ಶುರುವಾಯಿತು. ಹಳ್ಳ ಇಳಿದೆವು, ದಿಬ್ಬ ಹತ್ತಿದೆವು. ಕೆರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ನನ್ನ ಜೀಪು ಎರಡು ಸಲ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ಬಂದರು. ರಾಘು ಬಗ್ಗಿ ನೋಡಿ ಹೇಳಿದ, "ಡೀಸೆಲ್ ಖಾಲಿ ಭಾವ. ಅದಕ್ಕೆಂತ, ಎರಡು ಕ್ಯಾನ್ ಉಂಟಲ್ಲ!"

"ಅದು... ಅದು ಎಮರ್ಜೆನ್ಸಿಗೆ ಇಟ್ಟದ್ದು," ಎಂದೆ.

"ಇದು ಎಮರ್ಜೆನ್ಸಿ ಅಲ್ವಾ?"

"ಇದಕ್ಕಿಂತ ದೊಡ್ಡದು ಬರಬಹುದು."

ಗುಂಪು ನಕ್ಕಿತು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ವೀಣಾ ಅಕ್ಕನ ಭುಜ ಹಿಡಿದು, "ನೀನು ಪುಣ್ಯವಂತೆ ಅಕ್ಕಾ. ಭಾವ ಎಷ್ಟು ತಯಾರಿ ಮಾಡ್ಕೊಂಡೇ ಹೊರಡ್ತಾರೆ ನೋಡು!" ಎಂದಳು. ಯಾವ ಗಳಿಗೆಗಾಗಿ ಇಷ್ಟೆಲ್ಲ ಪಾಡು ಪಟ್ಟೆನೋ ಆ ಗಳಿಗೆ ಬಂದೇಬಿಟ್ಟಿತ್ತು. ಸುಮತಿ ಏನಾದರೂ ಹೇಳಲೆಂದು ಅವಳ ಮುಖ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು.

ರಾಘು ಆಗಲೇ ಬೆಲ್ಟ್ ಬಿಚ್ಚಿ ಮೊದಲ ಕ್ಯಾನ್ ಕೆಳಗಿಳಿಸಿದ್ದ. ಕ್ಯಾನಿನ ಹೊಟ್ಟೆ ಮುಂದೆ ಬಂದಿತ್ತು. "ಫುಗಲಾಯ್ ಕೀ ಹಾ!" ಎಂದರು ಗುಂಪಿನವರು. ಉಬ್ಬಿಕೊಂಡದ್ದು ಅವರಿಗೂ ಕಂಡಿತ್ತು. ರಾಘು ಗಂಭೀರನಾದ. "ಬಿಸಿಲಿಗೆ ಗ್ಯಾಸ್ ತುಂಬಿದೆ. ಯಾರೂ ಸಿಗರೇಟ್ ಹಚ್ಚಬೇಡಿ, ಮಕ್ಕಳು ದೂರ ಹೋಗಿ. ಮುಚ್ಚಳದ ಎದುರಿಗೆ ಯಾರೂ ನಿಲ್ಲಬಾರದು." ತಾನು ಪಕ್ಕಕ್ಕೆ ಸರಿದು, ಮುಚ್ಚಳಕ್ಕೆ ಕೈಹಾಕಿದ.

"ಬೇಡ ರಾಘು!" ಎಂದು ನಾನು ಓಡಿಹೋದೆ. ಓಡಿಹೋಗಿ ನಿಂತದ್ದು ಎಲ್ಲಿ ಎಂದು ಬೇರೆ ಹೇಳಬೇಕೇ? ಸರಿಯಾಗಿ ಮುಚ್ಚಳದ ಎದುರಿಗೆ!

ಭುಸ್ಸ್!

ಕಣ್ಣು, ಮೂಗು, ಮೀಸೆ, ಅಂಗಿ, ಎಲ್ಲ ಬೆಳ್ಳಗಾಯಿತು. ಡೀಸೆಲ್ ಬೆಳ್ಳಗೆ ಬರುವುದನ್ನು ಅವರು ಯಾರೂ ನೋಡಿರಲಿಲ್ಲ. ರಾಘು ನನ್ನ ಗಲ್ಲದಿಂದ ಸ್ವಲ್ಪ ಬೆರಳಿಗೆ ತೆಗೆದು ಮೂಸಿದ. "ಭಾವ... ಉದ್ದಿನ ಪರಿಮಳ ಬರ್ತಾ ಉಂಟಲ್ಲ!"

ನಾಸಿಕದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕೇಳುವುದು ಕನ್ನಡ, ಮಾತಾಡುವುದು ಮರಾಠಿ. ಅವಳು ಚಪ್ಪಾಳೆ ತಟ್ಟಿ ಕಿರುಚಿದಳು, "ಪಪ್ಪಾ ಇಡ್ಲೀ ಝಾಲೇ!" ಅಪ್ಪ ಇಡ್ಲಿಯಾಗಿಬಿಟ್ಟರಂತೆ!

ರಾಘು ಸಭ್ಯ. ನಗಲಿಲ್ಲ. "ಇರ್ಲಿ, ಇನ್ನೊಂದು ಉಂಟಲ್ಲ," ಎಂದು ಎರಡನೆಯ ಕ್ಯಾನ್ ತೆರೆದ. ಇಂಗು, ಕೊತ್ತಂಬರಿ, ಹುರಿದ ಮಸಾಲೆಯ ಘಮ ಆ ಬಯಲನ್ನೆಲ್ಲ ತುಂಬಿತು. ಆಗ ಅವನ ಸಭ್ಯತೆಯೂ ಕೈಕೊಟ್ಟಿತು. ಜೀಪಿನ ಚಕ್ರ ಹಿಡಿದು ಕೂತುಬಿಟ್ಟ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಆಮೇಲೆ ಅವನೇ ತನ್ನ ಆ ಬರೀ ಕಬ್ಬಿಣದ ಕ್ಯಾನ್ ತಂದು, ಒಂದು ಹನಿ ಚೆಲ್ಲದೆ ನನ್ನ ಟ್ಯಾಂಕಿಗೆ ಸುರಿದ. ಡೀಸೆಲ್ ಗಾಡಿ ಪೂರ್ತಿ ಖಾಲಿಯಾದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಬಾನೆಟ್ ಎತ್ತಿ, ಎಂಜಿನ್ನಿನ ಕೈಪಂಪು ಒತ್ತಿ ಒತ್ತಿ ಆ ಗಾಳಿಯನ್ನೂ ಅವನೇ ತೆಗೆದ. ಅವನು ಬೆವರುತ್ತಿದ್ದಾನೆ ಎಂದು ನನ್ನ ಹೆಂಡತಿ ಇಡ್ಲಿಗೆಂದು ತಂದ ಕಾಗದದ ತಟ್ಟೆಯಿಂದ ಅವನಿಗೆ ಗಾಳಿ ಬೀಸಿದಳು. ನಾನು ಪಕ್ಕದಲ್ಲೇ ಬಿಸಿಲಲ್ಲಿ ಒಣಗುತ್ತಿದ್ದೆ. ನನ್ನ ಹೊಟ್ಟೆಯ ಉರಿಯ ಮೇಲೆ ಪಾತ್ರೆ ಇಟ್ಟಿದ್ದರೆ ಅಲ್ಲಿಯೇ ಇಡ್ಲಿ ಬೇಯುತ್ತಿತ್ತು.

ಕ್ಯಾನಿನಲ್ಲಿ ಉಳಿದ ಹಿಟ್ಟನ್ನು ಕೆರೆ ದಂಡೆಯಲ್ಲಿ ಬೇಯಿಸಿದರು. ದೇವರಾಣೆ, ಅಂಥ ಇಡ್ಲಿ ನನ್ನ ಹೋಟೆಲಿನಲ್ಲೂ ಆದದ್ದಿಲ್ಲ. ಹೂವಿನಂತೆ ಉಬ್ಬಿತ್ತು. ಜನ ತಿಂದರು, ಮತ್ತೆ ಹಾಕಿಸಿಕೊಂಡರು, "ಶೇಠ್, ಏಕ್ ನಂಬರ್!" ಎಂದರು. ನನಗೆ ಹೋದ ಜೀವ ಬಂತು. ಇಷ್ಟಾದರೂ ನನ್ನದಾಯಿತಲ್ಲ ಎಂದು ಮೀಸೆಯ ಮೇಲಿದ್ದ ಹಿಟ್ಟು ಒರೆಸಿ ಎದೆ ಸೆಟೆಸಿ ಕುಳಿತೆ.

"ಹಿಟ್ಟು ಹದ ಆದದ್ದೇ ರಾಘುವಿನಿಂದ," ಎಂದಳು ಸುಮತಿ, ಎಲ್ಲರಿಗೂ ಕೇಳುವಂತೆ. "ಅವನು ಆಗ ಮುಚ್ಚಳ ತೆಗೆದದ್ದಕ್ಕೆ ಸರಿಹೋಯ್ತು. ಇವರ ಕೈಯಲ್ಲಿ ಇದ್ದಿದ್ರೆ ಹುಳಿ ಬಂದು ಹಾಳಾಗ್ತಿತ್ತು."

ನಾನು ತಟ್ಟೆ ಮುಂದಕ್ಕೆ ಒಡ್ಡಿ ಇನ್ನೆರಡು ಇಡ್ಲಿ ಹಾಕಿಸಿಕೊಂಡೆ. ಮಾನ ಹೋದವನಿಗೆ ಹಸಿವೆ ಹೋಗುವುದಿಲ್ಲ ಎಂದು ಆವತ್ತು ತಿಳಿಯಿತು.

ಸಂಜೆ ಎಲ್ಲರಿಗೂ ಕೈಮುಗಿದು ನಾಸಿಕದ ದಾರಿ ಹಿಡಿದೆವು. ಕೊಂಡಾಗಿನಿಂದ ಕೆಮ್ಮುತ್ತ, ನಡುಗುತ್ತ, ಗೇರಿಗೊಮ್ಮೆ ನರಳುತ್ತ ಓಡಿದ ನನ್ನ ಜೀಪು ಆ ದಿನ ಒಂದು ಸದ್ದಿಲ್ಲದೆ ನೀಟಾಗಿ ಓಡುತ್ತಿತ್ತು. ಗಾಳಿ ತೆಗೆಯುವಾಗ ರಾಘು ಪೈಪು, ಫಿಲ್ಟರು ಮುಟ್ಟಿ ಏನೋ ಸರಿ ಮಾಡಿರಬೇಕು. ನಾನು ಆ ವಿಷಯ ಎತ್ತಲೇ ಇಲ್ಲ. ಸುಮತಿಗೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ರಾಘುವಿನ ಡೀಸೆಲ್ ಹಾಕಿದ ಮೇಲೆ ಗಾಡಿ ಎಷ್ಟು ಚೆಂದ ಓಡ್ತಾ ಉಂಟು ಅಲ್ವಾ?"

ನಾನು ಸಿಟ್ಟಿನಿಂದ ಆಕ್ಸಿಲರೇಟರ್ ಒತ್ತಿದೆ. ಹಾಳು ಜೀಪು, ಇನ್ನೂ ಚೆಂದ ಓಡಿತು!