ಹೊಂಗೆ ಬೀಜಕ್ಕೆ ಶುಕ್ರವಾರ ರಜೆ

ಮೂರು ವರ್ಷದಿಂದ ನನ್ನ ಗೂಡ್ಸ್ ಆಟೋದಲ್ಲಿ ಬೇಲೂರು, ಹಳೇಬೀಡು ಸುತ್ತಿ ಹೊಂಗೆ ಬೀಜ ಸಂಗ್ರಹಿಸಿ ಅರಸೀಕೆರೆಯ ಎಣ್ಣೆ ಮಿಲ್ಲಿಗೆ ಮುಟ್ಟಿಸುತ್ತಿದ್ದೇನೆ. ಅಲ್ಲಿ ತೆಗೆದ ಎಣ್ಣೆ ಇಂಧನವಾಗಿ ಲಾರಿಗಳಿಗೆ ಹೋಗುತ್ತದಂತೆ. ಮರದಿಂದ ಲಾರಿಯವರೆಗಿನ ಈ ದಾರಿಗೆ ನಮ್ಮ ಮಿಲ್ಲಿನ ಇಂಜಿನಿಯರು 'ಪೂರೈಕೆ ಸರಪಳಿ' ಅನ್ನುತ್ತಾರೆ. ಸರಪಳಿಯ ಯಾವ ಕೊಂಡಿ ಮುಟ್ಟಿದರೂ ಒಂದು ತಮಾಷೆ ಕೈಗೆ ಹತ್ತುತ್ತದೆ, ನಾನೇನು ಮಾಡಲಿ?

ವೇಳಾಪಟ್ಟಿ

ಮೊದಲ ವರ್ಷ ಇಂಜಿನಿಯರು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಮಾಡಿದರು. ಶುಕ್ರವಾರ ಹಳೇಬೀಡು ಕಡೆ. ಹೋದೆ. ಹಜಾರದಲ್ಲಿ ಬೀಜದ ರಾಶಿ ಕಾಣುತ್ತಿದೆ, ಆದರೆ ಎಲ್ಲ ಮನೆಯಲ್ಲೂ ಒಂದೇ ಮಾತು, "ನಾಳೆ ಬನ್ನಿ." ಎರಡನೇ ಶುಕ್ರವಾರವೂ ಅದೇ. ಮೂರನೇ ವಾರ ಇಂಜಿನಿಯರೇ ನನ್ನ ಜೊತೆ ಬಂದು ಒಬ್ಬ ಅಜ್ಜಿಯನ್ನು ಕಾರಣ ಕೇಳಿದರು.

"ಶುಕ್ರವಾರ ಮನೆಯಿಂದ ಎಣ್ಣೆ ಆಚೆ ಕೊಡಬಾರ್ದು ಕಣಪ್ಪ."

"ಇದು ಎಣ್ಣೆ ಅಲ್ಲ ಅಜ್ಜಿ, ಬೀಜ."

"ಒಳಗೈತಲ್ಲ?"

ಇಂಜಿನಿಯರು ಅಲ್ಲೇ ಪಟ್ಟಿ ತೆಗೆದು ಶುಕ್ರವಾರಕ್ಕೆ ಗೀಟು ಹೊಡೆದರು. ಶನಿವಾರಕ್ಕೆ ಬದಲಾಯಿಸಿದರು. ಈಗ ಮಿಲ್ಲಿನ ಯಜಮಾನರು ತಕರಾರು ತೆಗೆದರು, "ಶನಿವಾರ ಎಣ್ಣೆ ಒಳಗೆ ತರಬಾರದು ಕಣ್ರೀ." ಇಂಜಿನಿಯರು ಪಟ್ಟಿ ಮಡಿಸಿ ಜೇಬಿಗೆ ಹಾಕಿಕೊಂಡು, "ಎಣ್ಣೆಗೆ ಬ್ಯಾಂಕಿಗಿಂತ ಜಾಸ್ತಿ ರಜೆ ಇದೆ ಅಂತ ನಮ್ಮ ಕಾಲೇಜಿನಲ್ಲಿ ಹೇಳಲೇ ಇಲ್ಲ" ಅಂದರು.

ಎರಡನೇ ದಾರಿ

ಒಂದೇ ಬೀಜ ನಂಬಿಕೊಂಡರೆ ಸರಪಳಿ ಗಟ್ಟಿ ಆಗುವುದಿಲ್ಲ, ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನೂ ತನ್ನಿ ಅಂತ ಆಜ್ಞೆಯಾಯಿತು. ಬೇಲೂರಿನ ಒಂದು ಬೋಂಡಾ ಅಂಗಡಿಗೆ ಹೋಗಿ ಕೇಳಿದೆ.

"ಹಳೇ ಎಣ್ಣೆನಾ? ನಮ್ಮಲ್ಲಿ ಒಂದು ತೊಟ್ಟೂ ಇರಲ್ಲ" ಅಂದರು ಅಂಗಡಿಯವರು, ಹೆಮ್ಮೆಯಿಂದ.

"ಹಾಗಾದ್ರೆ ಕರಿದ ಮೇಲೆ ಉಳಿದದ್ದು ಎಲ್ಲಿ ಹೋಗುತ್ತೆ?" ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದೆ.

ಅವರು ಬಾಣಲೆ ನೋಡಿದರು. ಬೋಂಡಾ ತಿನ್ನುತ್ತಿದ್ದ ನಾಲ್ಕು ಜನ ಅಗಿಯುವುದು ನಿಲ್ಲಿಸಿ ಅವರನ್ನು ನೋಡಿದರು. ನಾನು ಮೆಲ್ಲಗೆ ಆಟೋ ಹತ್ತಿದೆ.

ಖಾಲಿ ಚೀಲ

ಹೋದ ಸುಗ್ಗಿಯಲ್ಲಿ ಮಾತ್ರ ನಗುವ ಸ್ಥಿತಿ ಇರಲಿಲ್ಲ. ಮಿಲ್ಲಿನ ಎಣ್ಣೆ ಕೊಂಡು ಇಂಧನ ಮಾಡುವವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಸೋಮವಾರದೊಳಗೆ ಮಿಲ್ಲಿಗೆ ನಲವತ್ತು ಚೀಲ ಬೀಜ ಪೂರ್ತಿ ಬರಬೇಕು, ಒಂದು ಕಮ್ಮಿಯಾದರೂ ಬೇರೆ ಜಿಲ್ಲೆಯಿಂದ ಎಣ್ಣೆ ತರಿಸಿಕೊಳ್ಳುತ್ತೇವೆ. ಅಂದರೆ ನನ್ನ ಆಟೋ ಮನೆ ಮುಂದೆ, ಬೀಜ ಆಯುವ ಹೆಂಗಸರ ಕೆಲಸವೂ ಅಲ್ಲಿಗೇ.

ಭಾನುವಾರ ಸಂಜೆಗೆ ಮೂವತ್ತೊಂಬತ್ತು ಚೀಲ ಮಿಲ್ಲಿಗೆ ಮುಟ್ಟಿತ್ತು. ಬಸ್ತಿಹಳ್ಳಿಯ ಹೆಂಗಸರ ಸಂಘದ ಅಕ್ಕನ ಮುಂದೆ ಕೈ ಮುಗಿದು ನಿಂತೆ.

"ಕೊಡೋಕೆ ಇನ್ನಿಲ್ಲ ಕಣಣ್ಣ. ಮರದಡಿ ಗುಡಿಸಿ ತಂದಿದ್ದೀವಿ."

"ಹೋಗಲಿ, ಹಂಚಿದ್ದರಲ್ಲಿ ಮಿಕ್ಕ ಖಾಲಿ ಚೀಲನಾದ್ರೂ ವಾಪಸ್ ಕೊಡಿ. ಮಿಲ್ಲಿನೋರು ಕೇಳ್ತಾರೆ."

"ಬೆಳಿಗ್ಗೆ ಬನ್ನಿ, ಒಟ್ಟು ಮಾಡಿಡ್ತೀವಿ."

ಬೆಳಿಗ್ಗೆ ಮೂವತ್ತು ಚೀಲ ಮಡಿಸಿ, ಹುರಿ ಕಟ್ಟಿ, ಅವರೇ ಆಟೋಗೆ ಹಾಕಿದರು. ಅರಸೀಕೆರೆ ಮುಟ್ಟಿ "ಮೂವತ್ತೊಂಬತ್ತೇ" ಅಂದಾಗ ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತರು.

ಅಷ್ಟರಲ್ಲಿ ಹಮಾಲಿ ಕೂಗಿದ, "ಏನ್ರೀ ಇದು, ಖಾಲಿ ಚೀಲ ಇಷ್ಟು ಭಾರ ಐತೆ?"

ಬಿಚ್ಚಿದೆವು. ಒಂದೊಂದರ ತಳದಲ್ಲೂ ಒಂದೊಂದು ಮೊರ ಹೊಂಗೆ ಬೀಜ. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ.

"ಬೀಜ ಇಲ್ಲ ಅಂದ್ರಲ್ಲಕ್ಕ?"

"ಮಾರೋಕೆ ಇರ್ಲಿಲ್ಲ ಕಣಣ್ಣ. ಅದು ಮನೆಮನೆಯಲ್ಲೂ ದೀಪದೆಣ್ಣೆಗೆ ಅಂತ ಎತ್ತಿಟ್ಟಿದ್ದು. ಆದ್ರೆ ಇಸ್ಕೊಂಡಿದ್ದನ್ನ ಖಾಲಿ ವಾಪಸ್ ಕೊಡಕ್ಕಾಯ್ತದಾ? ಏನಾದ್ರೂ ಹಾಕಿ ಕೊಡಬೇಕಲ್ವಾ?"

ಪಕ್ಕದ ಮನೆಯ ಸಕ್ಕರೆ ಬಟ್ಟಲನ್ನು ನನ್ನ ಹೆಂಡತಿ ಎಂದೂ ಬರಿದಾಗಿ ಹಿಂದಿರುಗಿಸಿದವಳಲ್ಲ, ನನಗೇ ಹೊಳೆಯಲಿಲ್ಲ ನೋಡಿ. ಎಲ್ಲ ಒಟ್ಟಿಗೆ ಸುರಿದೆವು. ನಲವತ್ತನೇ ಚೀಲ ಬಾಯಿತನಕ ತುಂಬಿತು.

ಇಂಜಿನಿಯರು ಪುಸ್ತಕ ತೆಗೆದು, "ಅದ್ಭುತ. ಆಪತ್ತಿಗೆ ಅಂತ ಹಳ್ಳಿಯಲ್ಲಿ ಮೀಸಲು ದಾಸ್ತಾನು ಇಡುವ ಈ ಯೋಜನೆ ಯಾರದು?" ಅಂತ ಕೇಳಿದರು. ನಾನು ನಾಚಿಕೆ ಬಿಟ್ಟು "ನಂದೇ ಸಾರ್" ಅಂದೆ.

ಮಿಲ್ಲಿನ ಯಜಮಾನರು ಮಾತ್ರ ನಲವತ್ತನೇ ಚೀಲವನ್ನು ಎರಡು ಸಲ ತಟ್ಟಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಮುಂದಿನ ಸಲ ಬೀಜದ ಸುದ್ದಿನೇ ಎತ್ತಬೇಡ ಕಣಯ್ಯ. ಸಾವಿರ ಖಾಲಿ ಚೀಲ ಹಂಚಿ ಬಾ. ಮಾರನೇ ದಿನ ಹೋಗಿ, ಖಾಲಿನೇ ವಾಪಸ್ ಕೊಟ್ಟುಬಿಡಿ ಅನ್ನು."