ಆಷಾಢದ ಜೋಡಿ

ಪುಕ್ಕಟೆ ಸಿಕ್ಕ ವಸ್ತುವಿಗೆ ಯಾವತ್ತೂ ಒಂದು ಬಾಲ ಇರುತ್ತದೆ. ಶಿರಸಿಯ ಪಂಪ್‌ಸೆಟ್ ಅಂಗಡಿಯ ಮೆಕ್ಯಾನಿಕ್ ಗಿರೀಶನಿಗೆ ಸಿಕ್ಕ ಕೂಪನ್ನಿಗೂ ಇತ್ತು. ಕುಮಟಾದಾಚೆ ಕಡಲ ದಂಡೆಯ ಭಾರೀ ರೆಸಾರ್ಟಿನಲ್ಲಿ ದಂಪತಿಗಳಿಗೆ ಒಂದು ರಾತ್ರಿ ವಸತಿ, ಊಟ, ಪಾನ, ಆಟ, ಎಲ್ಲಾ ಬಿಟ್ಟಿ. ಪಂಪ್ ಕಂಪನಿ ಕೊಟ್ಟದ್ದು ಸಾಹುಕಾರರಿಗೆ. ಅವರ ಹೆಂಡತಿಗೆ ಮಂಡಿನೋವು, ಹಾಗಾಗಿ ಇವನಿಗೆ ಇಳಿಯಿತು. ಬಾಲ ಯಾವುದೆಂದರೆ, ಕೂಪನ್ನು ನಡೆಯುವುದು ಮಳೆಗಾಲದ ಆ ಒಂದು ತಿಂಗಳು ಮಾತ್ರ. ಆ ತಿಂಗಳು ಆಷಾಢ.

ಹೊಸ ಹೆಂಡತಿ ಗಂಗಾಂಬಿಕಾಳನ್ನು ಆಷಾಢಕ್ಕೆಂದು ಗುಡ್ನಾಪುರದ ತವರಿನವರು ಆಗಲೇ ಕರೆದೊಯ್ದಿದ್ದರು. ತಿಂಗಳು ಮುಗಿಯುವವರೆಗೆ ಗಂಡ ಮುಖ ನೋಡುವಂತಿಲ್ಲ, ಅತ್ತೆಮನೆಯ ಹೊಸಿಲು ದಾಟುವಂತಿಲ್ಲ. ಈ ಪದ್ಧತಿ ಮಾಡಿದವನು ಕೈಗೆ ಸಿಕ್ಕರೆ ಪೈಪ್ ತಿರುಗಿಸುವ ಪಾನಾದಿಂದಲೇ ಮಾತಾಡಿಸುತ್ತೇನೆ ಎಂದು ಗಿರೀಶ ಹಲ್ಲು ಕಡಿದ. ಸಮುದ್ರ ತೋರಿಸುತ್ತೇನೆಂದು ಗಂಗಾಗೆ ಮದುವೆಯ ವಾರದಲ್ಲೇ ಮಾತು ಕೊಟ್ಟಿದ್ದ. ಗಂಡಸಾದವನು ಕೊಟ್ಟ ಮೊದಲ ಮಾತೇ ಮಳೆಯಲ್ಲಿ ಕೊಚ್ಚಿಹೋದರೆ ಹೇಗೆ?

ಬೆಳಗಿನ ಮೊದಲ ಬಸ್ಸಿಗೇ ಗುಡ್ನಾಪುರಕ್ಕೆ ಹೋದ. ಬಟ್ಟೆ ಒಗೆಯಲು ಕೆರೆಗೆ ಬರುವ ಗಂಗಾಳನ್ನು ಹಾಗೇ ಹಾರಿಸಿಕೊಂಡು ಹೋಗುವುದು ಅವನ ಉಪಾಯ. ಬಂದವಳು ಪಕ್ಕದ ಮನೆಯ ಕಲ್ಲವ್ವ. ಅವಳ ಗಂಟಲಿಗೂ ಪಂಚಾಯ್ತಿಯ ಮೈಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ವೀರಪ್ಪನ ಅಳಿಯ ಕೊಡೆಯ ಮರೆಯಲ್ಲಿ ಕೋಳಿಕಳ್ಳನ ಹಾಗೆ ನಿಂತಿದ್ದಾನೆಂದು ಊರಿಗೆಲ್ಲ ಸಾರಿಬಿಟ್ಟಳು. ಮಾವ ವೀರಪ್ಪ ಕಂಬಳಿ ಹೊದ್ದುಕೊಂಡು ಕೆರೆಯ ಏರಿ ಹತ್ತಿ ಬಂದ.

ಕಂಪನಿಯವರು ಸಮುದ್ರದ ದಂಡೆಯಲ್ಲಿ ಮೀಟಿಂಗ್ ಇಟ್ಟಿದ್ದಾರೆ, ಊಟ ವಸತಿ ಅವರದೇ, ಇಬ್ಬರು ಹೋಗಲೇಬೇಕು ಎಂದು ಗಿರೀಶ ತಡವರಿಸಿದ.

“ಗಂಗಾನ್ನ ಕಳಸಾಕ ಬರೂದಿಲ್ಲ,” ಎಂದ ವೀರಪ್ಪ. “ಇಬ್ರು ಬೇಕಲ್ಲೇನ್ರಿ ಅಳಿಯಂದ್ರ? ನಾ ಬರ್ತೀನಿ, ನಡೀರಿ. ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ.”

ಬಸ್ಸು ಹೊರಟಾಗ ಹಿತ್ತಲ ಬೇಲಿಯ ಹಿಂದೆ ಗಂಗಾ ಕೈ ಬೀಸಿದಳು. ಅದು ಅಪ್ಪನಿಗೋ ಗಂಡನಿಗೋ ತಿಳಿಯಲಿಲ್ಲ.

ರೆಸಾರ್ಟಿನ ಮ್ಯಾನೇಜರ್ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ. “ಇದು ಗಂಡ ಹೆಂಡ್ತಿಗೆ ಮಾತ್ರ ಅಲ್ವಾ ಮಾರಾಯ್ರೆ?”

ವೀರಪ್ಪ ಎದೆ ಸೆಟೆಸಿದ. “ಇವರ ಹೆಂಡ್ತಿ ನನ್ನ ಮಗಳ್ರಿ. ಆಷಾಢ ಮುಗಿಯೂತನಕಾ ಅಕಿ ಜವಾಬ್ದಾರಿ ನಂದು. ಅಕಿ ಪರವಾಗಿ ನಾ ಬಂದೀನಿ.”

ಮಳೆಗೆ ಮುಕ್ಕಾಲು ಪಾಲು ರೂಮುಗಳು ಖಾಲಿ ಬಿದ್ದಿದ್ದವು. ಮ್ಯಾನೇಜರ್ ನಗು ನುಂಗಿಕೊಂಡು ಕೀಲಿ ಕೊಟ್ಟ.

ರೂಮಿನಲ್ಲಿ ಇದ್ದದ್ದು ಒಂದೇ ಮಂಚ. ಅದರ ಮೇಲೆ ಹೃದಯದಾಕಾರದಲ್ಲಿ ಗುಲಾಬಿ ಎಸಳು, ನಡುವೆ ಟವೆಲಿನಿಂದ ಮಾಡಿದ ಎರಡು ಹಂಸ ಮುತ್ತಿಡುತ್ತಿದ್ದವು. ಪೂಜೆಗೆ ಹೂವು ಇಟ್ಟಿದ್ದಾರೆ, ಸಂಸ್ಕಾರವಂತರು ಎಂದು ಮೆಚ್ಚಿಕೊಂಡ ವೀರಪ್ಪ ಒಂದು ಹಂಸ ಬಿಚ್ಚಿ ಮುಖ ಒರೆಸಿದ. ಎಸಳನ್ನೆಲ್ಲ ಬಳಿದುಕೊಂಡು ಲಿಂಗಪೂಜೆಗೆ ಕೂತ. ಮಧ್ಯಾಹ್ನ ದಂಡೆಯ ಮೇಲೆ ಒಂದೇ ಎಳನೀರಿಗೆ ಎರಡು ಕೊಳವೆ ಸಿಕ್ಕಿಸಿ ತಂದರು. ಒಂದನ್ನು ತಾನು ಕಚ್ಚಿ, ಇನ್ನೊಂದನ್ನು ಮಾವ ಅಳಿಯನ ಕಡೆ ತಿರುಗಿಸಿದ. ಹಣೆಗೆ ಹಣೆ ತಾಗಿತು. ಪಕ್ಕದ ಕೊಡೆಯಡಿಯಿಂದ ಯಾರೋ ಫೋಟೋ ಹೊಡೆದರು. ಗಿರೀಶನಿಗೆ ಕೊಳವೆಬಾವಿಯೊಳಗೆ ಪಂಪಿನ ಜೊತೆ ತಾನೂ ಇಳಿದುಬಿಡಬೇಕು ಅನ್ನಿಸಿತು.

ಸಂಜೆಗೆ ಜೋಡಿ ಸ್ಪರ್ಧೆ. ಒಬ್ಬರ ವಿಷಯ ಇನ್ನೊಬ್ಬರು ಹೇಳಬೇಕು. ಹುಬ್ಬಳ್ಳಿಯ ಜೋಡಿ ಮೊದಲ ಪ್ರಶ್ನೆಗೇ ಜಗಳಕ್ಕೆ ಬಿತ್ತು. ಬೆಳಗಾವಿಯವಳು ಮೈಕು ಎಸೆದು ಎದ್ದುಹೋದಳು. ಮಾವನ ಚಹಾಕ್ಕೆ ಎಷ್ಟು ಸಕ್ಕರೆ, ಯಾವ ಮಾತಿಗೆ ಸಿಟ್ಟು ಎಂಬುದೆಲ್ಲ ಅಂಜುಬುರುಕ ಅಳಿಯನಿಗೆ ಬಾಯಿಪಾಠ. ವೀರಪ್ಪನಂತೂ ತಡೆಯಲೇ ಇಲ್ಲ. ಅಳಿಯನಿಗೆ ಬದನೆಕಾಯಿ ಆಗದು, ನಿದ್ದೆಯಲ್ಲಿ ಪಂಪಿನ ಜೊತೆ ಮಾತಾಡುತ್ತಾನೆ, ಎಡ ಮೊಣಕಾಲಿಗೆ ಹೊಲಿಗೆ ಬಿದ್ದಿದೆ. ಕೊನೆಯ ಪ್ರಶ್ನೆ ಬಂತು: ಇವರು ನಿಮ್ಮಿಂದ ಮುಚ್ಚಿಟ್ಟದ್ದು ಏನು?

“ಹತ್ತನೇತ್ತಾ ಪಾಸಂತ ಹೇಳ್ಯಾರ್ರಿ,” ಎಂದ ವೀರಪ್ಪ ಮೈಕಿನಲ್ಲಿ, ಸಮಾಧಾನವಾಗಿ. “ಏಳನೇತ್ತಾ ಫೇಲು. ಮಾಸ್ತರ ಸೈಕಲ್ ಹಳ್ಳಕ್ಕ ನೂಕಿ ಸಾಲಿ ಬಿಟ್ಟಾರ. ಹೆಣ್ಣು ಕೊಡೂ ಮೊದ್ಲ ಇವರ ಓಣಿ ಎಲ್ಲಾ ತಿರುಗಿ ವಿಚಾರ್ಸೀನಿ. ಆದ್ರೂ ಕೊಟ್ಟೀನಿ.”

ಚಪ್ಪಾಳೆ ಮಳೆಗಿಂತ ಜೋರಾಗಿ ಬಿತ್ತು. ಇಂಗ್ಲಿಷ್ ಬಲ್ಲ ಮಂದಿ ಎದ್ದು ನಿಂತು ನಗುತ್ತಿದ್ದರು. ಗಿರೀಶನ ಕಿವಿ ಕಾದ ಹಂಚಾಗಿತ್ತು. ಗಂಗಾಗೂ ಗೊತ್ತಿತ್ತೇ? ಗೊತ್ತಿದ್ದೇ ನಕ್ಕು ಮಾತಾಡಿಸುತ್ತಿದ್ದಳೇ?

ಮೊದಲ ಬಹುಮಾನ ಅವರದೇ. ಇನ್ನೊಂದು ಕೂಪನ್ನು, ಯಾವ ತಿಂಗಳಾದರೂ ನಡೆಯುತ್ತದೆ, ಯಾವ ಜೋಡಿಯಾದರೂ ಬರಬಹುದು. ಅಷ್ಟು ನಾಚಿಕೆಯ ನಡುವೆಯೂ ಗಿರೀಶನ ಜೀವ ಜಿಗಿಯಿತು. ಶ್ರಾವಣ, ಸಮುದ್ರ, ಗಂಗಾ! ಕೂಪನ್ನಿಗೆ ಕೈ ಚಾಚಿದ.

ವೀರಪ್ಪ ಅದನ್ನು ಮಡಚಿ ಬನಿಯನ್ನಿನ ಕಿಸೆಗೆ ಇಳಿಸಿದ. ಅಳಿಯನನ್ನು ತುಸು ಆಚೆ ಕರೆದ. ಬೆಳಗಿನಿಂದ ಮೊದಲ ಸಲ ಮಾವನ ತಲೆ ಕೆಳಗಿತ್ತು.

“ನಿಮ್ಮ ಅತ್ತಿನೂ ಸಮುದ್ರ ಕಂಡಿಲ್ರಿ. ಶ್ರಾವಣದಾಗ ಅಕಿನ್ನ ಕರ್ಕೊಂಡು ಬರ್ತೀನಿ. ಎಮ್ಮಿ ಹಿಂಡಾಕ ಗಂಗಾ ಇರಬೇಕಾಗ್ತೈತಿ, ಜೋಡಿಗೆ ಅಕಿ ಅಜ್ಜಿ ಇರ್ತಾಳ. ನೀವು ಗಂಗಾನ್ನ ಕರಿಯಾಕ ಅವಸರ ಮಾಡಬ್ಯಾಡ್ರಿ.”

ಈಗಷ್ಟೇ ಮಂದಿಯ ಮುಂದೆ ಸುಳ್ಳು ಹೊರಬಿದ್ದ ಗಿರೀಶ ಯಾವ ಬಾಯಲ್ಲಿ ಹೆಂಡತಿಯನ್ನು ಕೇಳಿಯಾನು? ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಮತ್ತ ಊರಾಗ ಯಾರ ಮುಂದೂ ಹೇಳಬ್ಯಾಡ್ರಿ,” ವೀರಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಈ ವಯಸ್ಸಿನಾಗ ನಮಗ ನಾಚಿಕಿ ಆಗ್ತೈತಿ.”