ಅಮೆರಿಕದ ತಂಗಿಯೂರಿನವರು

ವರ್ಷಕ್ಕೊಮ್ಮೆ ಅಮೆರಿಕದಿಂದ ಒಂದು ಬಸ್ಸು ತುಂಬುವಷ್ಟು ಜನ ನಮ್ಮೂರಿಗೆ ಬರುತ್ತಾರೆ. ಪ್ರತಿ ಸಲವೂ ಯಾರಾದರೊಬ್ಬರು ತೆರೆದ ಬಾಯಿ ಮುಚ್ಚಲಾಗದೆ ನಿಂತುಬಿಡುತ್ತಾರೆ. ಒಮ್ಮೊಮ್ಮೆ ಅದು ನಾನೇ.

ನಮ್ಮೂರೆಂದರೆ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ತಾಸಿನ ಹಾದಿ, ಸಣ್ಣದೊಂದು ಜಿಲ್ಲಾ ಕೇಂದ್ರ. ಗಂಡನಿಗೆ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಧಾರವಾಡದಿಂದ ಬಂದವಳು ನಾನು. ಬಹಳ ಹಿಂದೆ ಇಲ್ಲಿಂದ ವಲಸೆ ಹೋದವರು ಅಮೆರಿಕದಲ್ಲಿ ಇದೇ ಹೆಸರಿನ ಊರು ಕಟ್ಟಿದರಂತೆ. ಈಗ ಅದೂ ಅಲ್ಲಿನ ಕೌಂಟಿಯ, ಅಂದರೆ ಜಿಲ್ಲೆಯ, ಕೇಂದ್ರ. ಎರಡೂರುಗಳೂ ಅಕ್ಕತಂಗಿಯರೆಂದು ಪುರಸಭೆಗಳ ನಡುವೆ ಒಪ್ಪಂದವಾಗಿದೆ. ಆ ಊರಿನವರು ಬಂದಾಗ ಇಂಗ್ಲಿಷಿನಲ್ಲಿ ಊರು ತೋರಿಸಲು ರಾಟ್‌ಹೌಸ್, ಅಂದರೆ ಪುರಸಭೆಯವರು, ನನ್ನನ್ನು ಹಿಡಿದರು.

೧. ಅತಿ ಹಳೆಯ ಕಟ್ಟಡ

ಮೊದಲ ವರ್ಷ ಬಂದ ನಿವೃತ್ತ ಜಡ್ಜ್ ಒಬ್ಬರು ತಮ್ಮೂರಿನ ಕೋರ್ಟಿನ ಫೋಟೊ ತೋರಿಸಿದರು. ಕೆಂಪು ಇಟ್ಟಿಗೆ, ಮೇಲೊಂದು ಗಡಿಯಾರದ ಗೋಪುರ. "ನಮ್ಮ ಕೌಂಟಿಯಲ್ಲೇ ಅತಿ ಹಳೆಯದು. ಗೋಡೆ ಮುಟ್ಟಬೇಕಾದರೂ ಅನುಮತಿ ಬೇಕು" ಅಂದರು. ದನಿಯಲ್ಲಿ ಭಕ್ತಿಯಿತ್ತು.

ಆಮೇಲೆ ಶೌಚಾಲಯ ಎಲ್ಲಿ ಎಂದು ಕೇಳಿದರು. ಕೋಟೆಯ ಕಲ್ಲಿನ ಬುರುಜಿನತ್ತ ಕೈ ತೋರಿಸಿದೆ, ಶೌಚಾಲಯ ಅದರೊಳಗೇ ಇದೆ. ಹೊರಗೆ ಬಂದವರು, "ಈ ಬುರುಜು ಎಷ್ಟು ಹಳೆಯದು?" ಅಂದರು.

"ನಿಮ್ಮ ದೇಶಕ್ಕಿಂತ."

ಅವರು ತಮ್ಮ ಅಂಗೈ ನೋಡಿಕೊಂಡರು. "ಒಳಗೆ ಗೋಡೆಗೆ ಕೈ ಊರಿ ನಿಂತಿದ್ದೆ. ಯಾರ ಅನುಮತಿ ಕೇಳಬೇಕಿತ್ತು?"

೨. ಖಾಲಿ ಮಾಡಿಸಿದ್ದು

ಮರುವರ್ಷ ಒಬ್ಬ ಹೆಂಗಸು ಕೈತುಂಬ ಹೂವು ಹಿಡಿದು, ತನ್ನ ಮುತ್ತಜ್ಜನ ತಾಯಿಯ ಗೋರಿ ನೋಡಬೇಕೆಂದಳು. ಸ್ಮಶಾನದ ಮೇಲ್ವಿಚಾರಕ ಇಲ್ಲವೆಂದು ತಲೆಯಾಡಿಸಿದ. ಇಲ್ಲಿ ಗೋರಿಯ ಜಾಗವೂ ಇಂತಿಷ್ಟು ವರ್ಷಕ್ಕೆ ಬಾಡಿಗೆಯಂತೆ. ಮನೆಯವರು ಮುಂದುವರಿಸದಿದ್ದರೆ ಕಲ್ಲು ಕಿತ್ತು ಬೇರೆಯವರಿಗೆ ಕೊಡುತ್ತಾರಂತೆ. ನನಗೂ ಇದು ಗೊತ್ತಾದದ್ದು ಅದೇ ಗಳಿಗೆಯಲ್ಲಿ. ಅದನ್ನೇ ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ.

"ನಮ್ಮಜ್ಜಿಯನ್ನು ಖಾಲಿ ಮಾಡಿಸಿದಿರಾ?" ಅನ್ನುತ್ತ ಆಕೆ ಬೆಂಚಿನ ಮೇಲೆ ಕುಸಿದಳು.

ಮೇಲ್ವಿಚಾರಕ ಸಮಾಧಾನ ಮಾಡಿದ: "ಬೇಜಾರಾಗಬೇಡಿ. ಈಗ ಅಲ್ಲಿರುವವರೂ ಬಹಳ ಒಳ್ಳೆಯ ಮನೆತನದವರು."

ಮನೆಗೆ ಬಂದು ಗಂಡನಿಗೆ ಹೇಳಿದೆ. ಊಟ ಬಿಟ್ಟು ನನ್ನ ಮುಖಾನೇ ನೋಡಿದರು. "ಇದ್ದಾಗ ಮನಿ ಹುಡುಕಾಕ ಒಂದು ವರ್ಷ ಹಿಡೀತು. ಇನ್ನ ಸತ್ತ ಮ್ಯಾಲೂ ಹುಡುಕಬೇಕೇನು?"

೩. ಸ್ಥಾಪಕ

ಹೋದ ವರ್ಷ ಆ ಊರಿನ ಮೇಯರಮ್ಮನೇ ಬಂದರು. ಊರು ಸ್ಥಾಪಿಸಿದವನ ವಂಶದವರಂತೆ. ರಾಟ್‌ಹೌಸಿನ ಊಟದಲ್ಲಿ ಅವರು ಭಾಷಣ ಮಾಡಿದರು, ನಾನು ಜರ್ಮನ್‌ಗೆ ತಿರುಗಿಸುತ್ತ ಹೋದೆ. ಧರ್ಮಸ್ವಾತಂತ್ರ್ಯ ಹುಡುಕಿ ಹೊರಟ ಒಂಟಿ ಯುವಕ, ಅಲ್ಲೇ ಮದುವೆಯಾದ, ಮನೆತುಂಬ ಮಕ್ಕಳು, ಕೋರ್ಟಿನ ಎದುರು ಅವನ ಪ್ರತಿಮೆ, ಹೀಗೆ.

ನಮ್ಮೂರಿನ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು ಜರ್ಮನ್‌ನಲ್ಲಿ ಅಂದರು: "ಒಂಟಿಯಲ್ಲ. ಹೆಂಡತಿ, ಎರಡು ಮಕ್ಕಳು ಇದೇ ಬೀದಿಯಲ್ಲಿದ್ದರು. ನಾನು ಆ ಮಕ್ಕಳ ವಂಶದವಳು."

ನಮ್ಮ ಮೇಯರ್ ಹೇಳಬೇಡಿ ಎಂಬಂತೆ ಕಣ್ಣಲ್ಲೇ ಬೇಡಿಕೊಂಡರು. ಎರಡೂರಿನ ಸಂಬಂಧ ಈಗ ನನ್ನ ನಾಲಿಗೆ ಮೇಲಿತ್ತು. ಏನಾದರೂ ಹಾರಿಸಿಬಿಡೋಣ ಅನ್ನುವಷ್ಟರಲ್ಲಿ ಶಿಕ್ಷಕಿ, "ನನಗೂ ಇಂಗ್ಲಿಷ್ ಬರುತ್ತದೆ, ಸರಿಯಾಗಿ ಹೇಳಿ" ಅಂದರು. ಹೇಳಿದೆ.

ಶಿಕ್ಷಕಿ ಮುಂದುವರಿಸಿದರು: "ಪಕ್ಕದೂರಿನಿಂದ ಆಕಳು ತರುತ್ತೇನೆ ಅಂತ ಹೋದವನು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಉಳಿದ ಪ್ರಶ್ನೆ ಒಂದೇ. ಆಕಳು ಸಿಕ್ಕಿತಾ?"

ಮೇಯರಮ್ಮ ನೀರು ಕುಡಿದರು. ಆಮೇಲೆ ಮೆಲ್ಲಗೆ, "ಸಿಕ್ಕಿತು. ಕೌಂಟಿಯಲ್ಲೇ ದೊಡ್ಡ ಡೈರಿ ಅವನದು" ಅಂದರು.

ಶಿಕ್ಷಕಿ ತಲೆದೂಗಿ ಕೂತರು, ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ಹಾಗಾದರೆ ಸುಳ್ಳು ಹೇಳಿರಲಿಲ್ಲ. ಬರೋದು ತಡವಾಗಿದೆ, ಅಷ್ಟೆ."